ನೀಲಿ ದಾರದ ಪುಸ್ತಕಗಳು

ಪೂಜ್ಯ ಸಭಾಪಾಲಕರಿಗೆ,

ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ, ಕಾಗುಣಿತದ ತಪ್ಪು ಮನ್ನಿಸಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು.

ನಮ್ಮ ಮೆಥೋಡಿಸ್ಟ್ ಸಭೆಯಲ್ಲಿ ಬೈಬಲ್ ಬೋಧಿಸುವ ಉಪದೇಶಿಗಳ ತರಬೇತಿಯನ್ನು ಹೊಸದಾಗಿ ರೂಪಿಸುವಾಗ, "ಪುಸ್ತಕದ ಕೋಣೆ ಜೋಡಿಸಿಕೊಡು ಮಗಳೇ, ಮೊದಲ ತರಬೇತಿಗೆ ನೀನೂ ಕೂರ್ತೀಯ" ಅಂದಿದ್ದಿರಿ. ನನ್ನಂತೆ ಕಡಿಮೆ ಓದಿದವರಿಗೂ ಅರ್ಥವಾಗುವ ಪುಸ್ತಕಗಳನ್ನು ಆರಿಸಿ, ಗುರುತಿಗೆ ಅಮ್ಮನ ಸೀರೆಯ ನೀಲಿ ದಾರ ಕಟ್ಟಿದೆ. ಭಾನುವಾರ ನೀವು ಓದಿದ ತರಬೇತಿಯ ನಿಯಮದಲ್ಲಿ ಹತ್ತನೇ ತರಗತಿ ಪಾಸಾದವರಿಗೆ ಮಾತ್ರ ಜಾಗವಿತ್ತು. ಆಮೇಲೆ ಮೆಟ್ಟಿಲ ಹತ್ತಿರ ನನ್ನ ಜಾಗದ ಬಗ್ಗೆ ಕೇಳಿದ್ದಕ್ಕೆ, "ನಿಂಗ್ಯಾಕೆ ಬೇಜಾರು? ಕೋಣೆ ಗುಡಿಸೋಕೆ ನೀನೇ ಬೇಕಲ್ಲ!" ಎಂದು ನಕ್ಕಿರಿ.

ಗುಡಿಸೋಕೆ ದಯವಿಟ್ಟು ಬೇರೆಯವರನ್ನು ನೋಡಿಕೊಳ್ಳಿ. ಕೋಣೆಯ ಕೀಲಿ ಈ ಲಕೋಟೆಯಲ್ಲಿದೆ. ಆ ಪುಸ್ತಕಗಳನ್ನು ಹುಡುಕಿಕೊಂಡು ಇನ್ನು ಯಾರೂ ಬರುವುದಿಲ್ಲವೆಂದು ಇವತ್ತು ಬೆಳಿಗ್ಗೆ ದಾರಗಳನ್ನೆಲ್ಲ ಬಿಚ್ಚಿದೆ. ಒಂದನ್ನು ಮಾತ್ರ ಕೀಲಿಗೆ ಕಟ್ಟಿದ್ದೇನೆ, ಕಳೆದುಹೋಗದಿರಲಿ ಎಂದು.

ಇತಿ,
ಕೋಣೆ ಗುಡಿಸುತ್ತಿದ್ದವಳು