ಗುಬ್ಬಿಯಿಂದ ತಂದ ಕಬ್ಬಿಣದ ಪೆಟ್ಟಿಗೆ

ಉಪ್ಪಾರಹಳ್ಳಿ, ತುಮಕೂರು
22-2-1981, ಭಾನುವಾರ

ರತ್ನಿ ಅಪ್ಪನವರಿಗೆ,

ನಿಮ್ಮ ವನಜಳ ನಮಸ್ಕಾರ. ಬೀದರ್ ಕಡೆ ಬಿಸಿಲು ಆಗಲೇ ಏರಿದೆ ಅಂತ ಬರೆದಿದ್ರಿ. ಬೋರ್‌ವೆಲ್ ಲಾರಿ ಪಕ್ಕ ನಿಂತು ದಿನವೆಲ್ಲ ಆ ಕಲ್ಲುಪುಡಿ ಕುಡೀತೀರಲ್ಲ, ಕೆಮ್ಮು ಹೇಗಿದೆ? ಮೂಗಿಗೆ ಟವೆಲ್ ಕಟ್ಕೊಳ್ಳಿ, ಜೊತೆಯವರು ನಗ್ತಾರೆ ಅಂತ ಬಿಡಬೇಡಿ. ಕ್ಯಾಂಪಿನ ಊಟ ಒಗ್ಗದಿದ್ರೆ ತಿಳಿಸಿ, ಹುರಿಹಿಟ್ಟು ಮಾಡಿ ಯಾರ ಕೈಲಾದ್ರೂ ಕಳಿಸ್ತೀನಿ. ರತ್ನಿಗೆ ಮುಂದಿನ ಹಲ್ಲು ಬಿತ್ತು. ಸಗಣಿ ಉಂಡೇಲಿಟ್ಟು ಹೆಂಚಿನ ಮೇಲೆ ಎಸೆದಳು, ಅಪ್ಪಂಗೆ ಇದನ್ನ ಬರೀಲೇಬೇಕು ಅಂತ ಪಕ್ಕದಲ್ಲೇ ಕೂತವಳೆ. ನಾವು ಕ್ಷೇಮ ಅಂತ ಬರೀಬೇಕು, ಆದ್ರೆ ಕೆಲವು ದಿನದಿಂದ ನನಗೆ ಅನ್ನ ಸೇರ್ತಿಲ್ಲ. ಯಾಕೆ ಅಂತ ಮೊದಲಿಂದ ಬರೀತೀನಿ. ಓದಿ ಮುಗಿಸೋವರೆಗೂ ಸಿಟ್ಟು ಮಾಡ್ಕೋಬೇಡಿ.

ಸಂಕ್ರಾಂತಿ ರಜೆ ಮುಗಿಸಿ ನೀವು ಬಸ್ ಹತ್ತಿದ ಮಾರನೇ ದಿನ ನಿಮ್ಮ ತಂಗಿ ಲಕ್ಷ್ಮೀದೇವಿ ಎಳ್ಳು ಕೊಡೋ ನೆಪದಲ್ಲಿ ಕುಣಿಗಲ್‌ನಿಂದ ಬಂದಿದ್ಲು. ಎಳ್ಳಿನ ಚೀಲದ ತಳದಿಂದ ಒಂದು ಬಟ್ಟೆ ಗಂಟು ತೆಗೆದು ನನ್ನ ಮಡಿಲಿಗೆ ಹಾಕಿದ್ಲು. ಅತ್ತೆಯವರು ಅವಳ ಮದುವೇಲಿ ತಮ್ಮ ಕೊರಳಿಂದ ಬಿಚ್ಚಿ ಹಾಕಿದ ಅಡ್ಡಿಕೆ, ಕಾಸಿನ ಸರ, ಓಲೆ, ಬಳೆ, ಎಲ್ಲಾ ಅದರಲ್ಲಿತ್ತು. ಅವಳ ಯಜಮಾನರು ಚೌಡಪ್ಪನವರಿಗೆ ಯಾರೋ ಟೂರಿಂಗ್ ಟಾಕೀಸಲ್ಲಿ ಪಾಲು ಕೊಡ್ತೀವಿ ಅಂದವ್ರಂತೆ. ಹೆಂಡತಿ ಒಡವೆ ಮಾರಿ ಟೆಂಟು ಎತ್ತಿಸ್ತೀನಿ ಅಂತ ಹಟ ಹಿಡಿದವ್ರಂತೆ. "ಅತ್ತಿಗೆ, ನಾನೇ ಬಂದು ಕೇಳೋವರೆಗೂ ಯಾರಿಗೂ ಕೊಡಬೇಡಿ. ಅಣ್ಣಂಗೆ ಈಗಲೇ ಬರೀಬೇಡಿ, ಅವನು ಬಂದು ಕೂಗಾಡಿದ್ರೆ ನನಗೇ ಕಷ್ಟ" ಅಂದ್ಲು. ಕೈಮೇಲೆ ಕೈ ಇಟ್ಟು ಆಗಲಿ ಅಂದೆ.

ಗಂಟನ್ನ ರಾಗಿ ಡಬ್ಬದೊಳಗೆ ಹೂತಿಟ್ಟೆ. ಅಷ್ಟರಲ್ಲಿ ಹಿಂದಿನ ಬೀದಿಯವರು ಬೆಳ್ಳಾವಿಗೆ ಮದುವೆಗೆ ಹೋಗಿದ್ದಾಗ ಕಳ್ಳರು ಹೆಂಚು ಸರಿಸಿ ಇಳಿದ್ರು ನೋಡಿ. ಅಕ್ಕಿ ರಾಗಿ ಎಲ್ಲಾ ನೆಲಕ್ಕೆ ಸುರಿದು ಹುಡುಕಿದ್ರಂತೆ, ಟ್ರಂಕನ್ನಂತೂ ಬೀಗದ ಸಮೇತ ಹೊತ್ಕೊಂಡು ಹೋದ್ರಂತೆ. ಆವತ್ತಿಂದ ನನ್ನ ಜೀವ ನನ್ನಲ್ಲಿಲ್ಲ. ನಮ್ಮದಾಗಿದ್ರೆ ಹೋಯ್ತು ಅಂತ ಅತ್ತು ಸುಮ್ಮನಾಗಬಹುದು, ಇನ್ನೊಬ್ಬಳು ನಂಬಿ ಇಟ್ಟಿದ್ದಕ್ಕೆ ಏನು ಉತ್ತರ ಹೇಳೋದು? ಗಂಟನ್ನ ಸೊಂಟಕ್ಕೆ ಕಟ್ಕೊಂಡೇ ಓಡಾಡಿದೆ. ಸೀಮೆಣ್ಣೆ ಕ್ಯೂನಲ್ಲಿ ಪಕ್ಕದ ಮನೆ ಮಹಾಲಕ್ಷ್ಮಮ್ಮ ನನ್ನ ಹೊಟ್ಟೆ ನೋಡಿ "ಏನ್ ವನಜ, ಎಷ್ಟು ತಿಂಗಳು?" ಅಂತ ಕೇಳೇಬಿಟ್ರು. ನಗು ಬಂತು, ಮನೆಗೆ ಬಂದ ಮೇಲೆ ಅಳೂನೂ ಬಂತು. ಹೀಗೆ ಆಗೋದಿಲ್ಲ, ಒಂದು ಭದ್ರವಾದ ಪೆಟ್ಟಿಗೆ ತಗೊಳ್ಳಲೇಬೇಕು ಅಂತ ಹೊರಟೆ.

ಬ್ಯಾಂಕಿನ ಲಾಕರ್ ಕೇಳಿದ್ರೆ ಈಗ ಖಾಲಿ ಇಲ್ಲ, ಯಜಮಾನರು ಬಂದಾಗ ಬನ್ನಿ ಅಂದ್ರು. ಪೇಟೇಲಿ ಅಂಗಡಿಯವನು ನವಿಲಿನ ಚಿತ್ರ ಬರೆದ ಟ್ರಂಕು ತೋರಿಸಿ ಇದಕ್ಕೆ ಡಬಲ್ ಬೀಗ ಅಂದ. ಬೆರಳಲ್ಲಿ ಒತ್ತಿದೆ, ತಗಡು ಒಳಗೆ ಹೋಯ್ತು. ಒಂದೇ ಕೈಲಿ ಎತ್ತಿ ನೋಡಿದೆ, ಬಂತು. ನಾನು ಎತ್ತೋದಾದ್ರೆ ಕಳ್ಳ ಎತ್ತೋದಿಲ್ವಾ? ಸ್ಟೀಲ್ ಬೀರು ಚೆನ್ನಾಗಿತ್ತು, ಆದ್ರೆ ನಮ್ಮ ಬಾಗಿಲಲ್ಲೇ ತೂರೋದಿಲ್ಲ. ಆಮೇಲೆ ಗುಬ್ಬೀಲಿರೋ ನಮ್ಮ ಕದರಯ್ಯ ಮಾವ ಹೇಳಿ ಕಳಿಸಿದ್ರು, ಅಲ್ಲೊಂದು ಹಳೇ ಬಟ್ಟೆ ಅಂಗಡಿ ಮುಚ್ಚುತಾ ಇದೆ, ಪೆಟ್ಟಿಗೆಗಳು ಮಾರಾಟಕ್ಕಿವೆ ಅಂತ. ರತ್ನಿನ ಸ್ಕೂಲಿಗೆ ಬಿಟ್ಟು ಬಸ್ ಹತ್ತಿದೆ. ಮಾವ ಹಿತ್ತಾಳೆ ಪಟ್ಟಿ ಹೊಡೆದ ತೇಗದ ಪೆಟ್ಟಿಗೇನೇ ತಗೋ, ಲಕ್ಷಣವಾಗಿದೆ ಅಂತ ಹಿಡಿದ ಪಟ್ಟು ಬಿಡ್ಲಿಲ್ಲ. ನನಗೆ ಲಕ್ಷಣ ಬೇಡ ಮಾವ, ನಿದ್ದೆ ಬೇಕು ಅಂದೆ. ಮೂಲೇಲಿ ಕಪ್ಪಗೆ, ಗಿಡ್ಡಗೆ ಒಂದು ಕಬ್ಬಿಣದ್ದು ಕೂತಿತ್ತು. ಬೀಗ ಹೊರಗೆ ನೇತಾಡ್ತಿರಲಿಲ್ಲ, ಮುಚ್ಚಳದೊಳಗೇ ಇತ್ತು. ಹಿಂದುಗಡೆ ಗೋಡೆಗೆ ಬಿಗಿಯೋಕೆ ತೂತುಗಳಿದ್ವು. ಕೀಲಿ ತಿರುವಿದಾಗ ಒಳಗೆ ಗಟ್ ಅಂತ ಒಂದು ಸದ್ದು ಬಂತು ನೋಡಿ, ಅದು ಕೇಳಿದ ಮೇಲೆ ಬೇರೆ ಯಾವುದನ್ನೂ ನೋಡ್ಲಿಲ್ಲ. ಗಾಡಿಯವರಿಬ್ಬರು ಉಸ್ಸಪ್ಪಾ ಅಂತ ಮನೆಯೊಳಗೆ ಇಳಿಸಿ ಹೋದ್ರು. ಮನೆ ಓನರ್ ಶಿವರಾಮಯ್ಯನವರು ಗೋಡೆ ಕೊರೆಯೋಕೆ ಗೊಣಗಿದ್ರೂ ಕೊನೆಗೆ ಒಪ್ಪಿದ್ರು. ದೇವರ ಗೂಡಿನ ಕೆಳಗೆ ಬೋಲ್ಟ್ ಹಾಕಿಸಿ ಗಂಟನ್ನ ಒಳಗಿಟ್ಟೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಆದ್ರೆ ಗುರುವಾರ ಮಧ್ಯಾಹ್ನ ಚೌಡಪ್ಪನವರು ಬಂದ್ರು. ಒಂದು ಚಿಪ್ಪು ಬಾಳೆಹಣ್ಣು, ರತ್ನಿಗೆ ಅಂತ ಮೈಸೂರುಪಾಕು ತಂದಿದ್ರು. ನಿಮ್ಮ ಕ್ಷೇಮ ವಿಚಾರಿಸಿದ್ರು. ಆಮೇಲೆ ಮೆತ್ತಗೆ, "ಅಕ್ಕಾ, ಲಕ್ಷ್ಮೀನೇ ಕಳಿಸಿದ್ಲು, ಆ ಗಂಟು ಕೊಟ್ಬಿಡಿ" ಅಂದ್ರು. ಅವಳೇ ಬರ್ಲಿ ಅಂದೆ. ಮೈಗೆ ಸರಿಯಿಲ್ಲ ಅಂದ್ರು. ಸರಿಹೋದ ಮೇಲೆ ಬರ್ಲಿ ಅಂದೆ. ಅವರ ಕಣ್ಣು ಪೆಟ್ಟಿಗೆ ಮೇಲೆ ಹೋಯ್ತು. ಎದ್ದು ಹೋಗಿ ಮೊದಲು ಕೈಯಿಂದ, ಆಮೇಲೆ ಕಾಲಿಂದ ನೂಕಿ ನೋಡಿದ್ರು. ಅದು ಅಲ್ಲಾಡ್ಲಿಲ್ಲ. ಕೀಲಿ ನನ್ನ ತಾಳಿ ಸರದಲ್ಲೇ ಇತ್ತು, ಸೆರಗು ಹೊದ್ದು ಕೂತಿದ್ದೆ. ಅವರೆಕಾಯಿ ಸುಲೀತಾನೇ ಇದ್ದೆ. "ನನ್ನ ಹೆಂಡ್ತಿ ಒಡವೆ ಮೇಲೆ ನಿಮಗೇನು ಹಕ್ಕು?" ಅಂತ ದನಿ ಏರಿಸಿದ್ರು. ನನಗೇನೂ ಇಲ್ಲ, ಅದು ಅವಳ ಅಮ್ಮ ಅವಳಿಗೆ ಕೊಟ್ಟಿದ್ದು, ನಿಮಗೂ ಇಲ್ಲ ಅಂದೆ. ಎಲ್ಲಿಂದ ಆ ಮಾತು ಬಂತೋ ಕಾಣೆ. ಮಹಾಲಕ್ಷ್ಮಮ್ಮ ಒನಕೆ ಕೇಳೋ ನೆಪದಲ್ಲಿ ಬಂದು ಬಾಗಿಲಲ್ಲೇ ನಿಂತ್ರು. ಚೌಡಪ್ಪನವರು ಕಾಫಿ ಮುಟ್ಟದೆ ಹೊರಟ್ರು. ಮೆಟ್ಟಿಲು ಇಳೀತಾ, "ಊರಿಗೆ ಹೋಗಿ ಅವಳನ್ನ ವಿಚಾರಿಸ್ಕೋತೀನಿ" ಅಂದ್ರು.

ಆ ಒಂದು ಮಾತು ನನ್ನನ್ನ ಕೊರೀತಾ ಇದೆ. ಒಡವೆ ಭದ್ರವಾಗಿದೆ. ಪೆಟ್ಟಿಗೆ ಆರಿಸೋಕೆ ಅಷ್ಟು ಊರು ತಿರುಗಿದೆ, ಆದ್ರೆ ಅದರೊಳಗೆ ಅವಳನ್ನ ಇಡೋಕಾಗುತ್ತಾ? ನಾನು ಕೊಡಲ್ಲ ಅಂದಿದ್ದರ ಏಟು ಅವಳ ಬೆನ್ನಿಗೆ ಬಿದ್ರೆ? ಕೊಟ್ಟುಬಿಟ್ಟಿದ್ರೆ ಒಳ್ಳೇದಿತ್ತೇನೋ ಅಂತ ಒಂದು ಗಳಿಗೆ ಅನ್ಸುತ್ತೆ, ಕೊಟ್ಟಿದ್ರೆ ಅವಳ ಮುಖ ಹೇಗೆ ನೋಡ್ತಿದ್ದೆ ಅಂತ ಇನ್ನೊಂದು ಗಳಿಗೆ. ನೀವಾಗಿದ್ರೆ ಏನು ಮಾಡ್ತಿದ್ರಿ? ಬೇಗ ಬರೀರಿ. ಕದರಯ್ಯ ಮಾವ ನಿಮ್ಮನ್ನ ಕೇಳಿದೆ ಅಂತ ತಿಳಿಸೋಕೆ ಹೇಳಿದ್ರು. ರತ್ನಿ ಮುತ್ತು ಕಳಿಸವಳೆ. ದೇವರಾಯನದುರ್ಗದ ಸ್ವಾಮಿ ನಿಮ್ಮನ್ನ ಕಾಯಲಿ.

ನಿಮ್ಮ
ವನಜ

ತಾ.ಕ.: ಕವರು ಅಂಟಿಸೋಕೆ ಮುಂಚೆ ಬಾಗಿಲು ಬಡಿದ ಸದ್ದಾಯ್ತು. ಲಕ್ಷ್ಮೀದೇವಿ ಬಂದವಳೆ, ಮಗು ಕಂಕುಳಲ್ಲಿ, ಕಾಲಲ್ಲಿ ಚಪ್ಪಲಿ ಇಲ್ಲ. ಎಡಗಡೆ ಕೆನ್ನೆ ಊದಿದೆ. ಒಡವೆ ಕೊಡಿ ಅಂತ ಕೇಳ್ಲಿಲ್ಲ, "ಅತ್ತಿಗೆ, ನಾನು ಇಲ್ಲಿ ಇರಬಹುದಾ" ಅಂತ ಕೇಳಿದ್ಲು. ಇರು ಅಂದಿದೀನಿ. ಬುಧವಾರ ಅವರ ಕಡೆ ಹಿರಿಯರು ಕರ್ಕೊಂಡು ಹೋಗೋಕೆ ಬರ್ತಾರಂತೆ. ನಾನು ಕಳಿಸೋದಿಲ್ಲ. ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಮೇಲೆ ಕೇಳಿದ್ನಲ್ಲ, ಅದಕ್ಕೆ ಉತ್ತರ ಬರೀಬೇಡಿ. ರಜೆ ಸಿಕ್ಕಿದ್ರೆ ಬಂದು ನನ್ನ ಪಕ್ಕ ನಿಂತ್ಕೊಳ್ಳಿ.