ಕೆಂಪು ದಾರದ ಕಾಯಿ

ಡಿಸೆಂಬರ್ 29, ಬೆಳಿಗ್ಗೆ

ಹೆಣ್ಣುಹೂವಿನ ಬಾಯಿಂದ ಬಟ್ಟೆ ಕ್ಲಿಪ್ ತೆಗೆದೆ. ನಿನ್ನೆ ಸಂಜೆಯೇ ಸಿಕ್ಕಿಸಿದ್ದೆ, ಜೇನ್ನೊಣ ನುಗ್ಗದಿರಲೆಂದು. ನಮ್ಮ ಬಳ್ಳಿಯದೇ ಗಂಡುಹೂ ಕಿತ್ತು ಪರಾಗ ಸವರಿದೆ. ಮತ್ತೆ ಕ್ಲಿಪ್ಪು. ತೊಟ್ಟಿಗೆ ಕೆಂಪು ದಾರ — ಇದು ಬೀಜಕ್ಕೆ.

ಅವ್ವನ ಕಮೊಕಮೊ, ಇಲ್ಲಿನ ಗುಂಡನೆಯ ಗೀರುಮೈ ಕುಂಬಳ. ಅವಳು ಬಿಟ್ಟುಹೋದ ಬೀಜವೆಲ್ಲ ಮಣ್ಣಿಗೆ ಹಾಕಿಯಾಯಿತು. ಎದ್ದದ್ದು ಒಂದೇ ಬಳ್ಳಿ.

ಬೇಲಿಯಾಚೆ ಪಕ್ಕದ ಮನೆ ಕ್ಲೈವ್ ಮುದುಕನ ಜುಕಿನಿ, ಅದೂ ಕುಂಬಳದ ಜಾತಿಯೇ, ಕಾಯಿ ಮಾತ್ರ ಉದ್ದ. ಅದರ ಪರಾಗ ಬೆರೆತರೆ ಅವ್ವನ ತಳಿ ಕೆಟ್ಟಂತೆ.

"ಕಿತ್ತುಹಾಕು ಮಾರಾಯ" ಅಂದೆ.

"ನಿನ್ನ ಕುಂಬಳ ಅಷ್ಟು ಮಾನವಂತೆ ಆದ್ರೆ ಮನೆಯೊಳಗೆ ಕೂರಿಸ್ಕೋ!"

ಜನವರಿ 4

ವಿಚಿತ್ರ. ಕ್ಲೈವ್‌ನ ಗಿಡದಲ್ಲಿ ಗಂಡುಹೂವೇ ಇಲ್ಲ. ಬರೀ ಮೊಂಡು ತೊಟ್ಟು. ರಾತ್ರಿ ಬಂದು ತೋಟ ಮೇಯುವ ಪೊಸಮ್ ಪ್ರಾಣಿ ತಿಂದಿತೆ? ಹಾಗಿದ್ದರೆ ಹೆಣ್ಣುಹೂ ಯಾಕೆ ಬಿಟ್ಟಿತು? ಅದಕ್ಕೇನು ಗಂಡು ಹೆಣ್ಣು ಗೊತ್ತೆ...

ಜನವರಿ 9

ಆಕ್ಲೆಂಡ್‌ನಿಂದ ತಮ್ಮ, ಅವನ ಹೆಂಡತಿ ಹುಯಿಯಾ ಬಂದಿದ್ದಾರೆ. ಚರ್ಚಿನಿಂದ ಬರುವಷ್ಟರಲ್ಲಿ ಅವಳೇ ಹಂದಿಮೂಳೆ ಸಾರು ಇಟ್ಟಿದ್ದಳು. ಒಳಗೆ ಎಳೆ ಕಮೊಕಮೊ, ಬೆಣ್ಣೆಯಂತೆ. ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಹೊಳೆಯಿತು.

"ಯಾವ ಕಾಯಿ ಕಿತ್ತೆ?"

"ದಾರದ್ದೇ ಅತ್ತಿಗೆ. ಬಂದೋರಿಗೆ ಅಂತ ಮೊದಲ ಕಾಯಿ ಗುರುತು ಕಟ್ಟಿ ಎತ್ತಿಡ್ತೀರಲ್ಲ!"

ಏನಂತ ಬೈಯಲಿ? ಮೊದಲ ಕಾಯಿ ಬಂದವರ ತಟ್ಟೆಗೆ. ಅವ್ವನೇ ಕಲಿಸಿದ್ದು.

ಜನವರಿ 10, ನಸುಕು

ಎಲೆಯಡಿ ಇನ್ನೊಂದು ಕಾಯಿ ಇದೆ. ಜೇನ್ನೊಣ ಕಟ್ಟಿಸಿದ್ದು. ಅದರ ಅಪ್ಪ ನಮ್ಮ ಬಳ್ಳಿಯೋ, ಜುಕಿನಿಯೋ. ನೋಡಲು ಹೋದರೆ ಬೇಲಿಯಾಚೆ ಕ್ಲೈವ್, ಬೋಗುಣಿ ಹಿಡಿದು ಹೂ ಕೀಳುತ್ತಿದ್ದಾನೆ. ಬರೀ ಗಂಡುಹೂ.

"ಓ, ಪೊಸಮ್ ನೀನೇನಾ!"

"ಕರಿದು ತಿನ್ನೋಕೆ ಕಣೇ. ನಿನ್ನ ಅಪ್ಪಣೆ ಬೇಕಾ?"

"ದಿನಾನೂ?"

ಮುಖ ತಿರುಗಿಸಿದ. "ನನ್ನ ಹೆಂಡ್ತಿ ತೀರಿಕೊಂಡ ವರ್ಷ, ಮೊದಲ ಕಾಯಿ ನಿಮ್ಮವ್ವ ನಂಗೆ ತಂದ್ಕೊಟ್ಲು... ಮಂಡಿ ನೋವು. ಒಂದೆರಡು ಹೂ ಕಣ್ತಪ್ಪಿ, ಪರಾಗ ನಿನ್ನ ಬಳ್ಳಿಗೆ ಬಂದಿದ್ರೂ ಬಂದಿರಬಹುದು."

ಏಪ್ರಿಲ್ 6

ಕಾಯಿ ಬಲಿತಿದೆ, ಉಗುರು ಇಳಿಯುವುದಿಲ್ಲ. ಬೀಜ ತುಂಬ. ತಳಿ ಉಳಿಯಿತೋ ಕೆಟ್ಟಿತೋ, ನೋಡಿದರೆ ತಿಳಿಯದು. ಬಿತ್ತಿದರೇನೇ.

ಡಿಸೆಂಬರ್ 21

ಆ ಬೀಜದ ಬಳ್ಳಿ ಬೇಲಿ ಹತ್ತಿದೆ. ಎಲೆ ಎತ್ತಲು ಧೈರ್ಯ ಸಾಲದೆ ಎರಡು ಲೋಟ ಚಹಾ ಆಯಿತು.

ಎತ್ತಿದೆ. ಗುಂಡಗೆ! ಮೈತುಂಬ ಗೀರು. ಪಕ್ಕದ್ದೂ ಗುಂಡಗೇ. ಅವ್ವನದೇ.

ಕೆಂಪು ದಾರ ಈ ಸಲ ಎರಡನೆಯದಕ್ಕೆ. ಮೊದಲನೆಯದು ಕಿತ್ತು ಬೇಲಿಯ ಹತ್ತಿರ ಹೋಗಿ ಕೂಗಿದೆ. ಕುಂಟುತ್ತ ಬಂದ, ಬೋಗುಣಿ ತುಂಬ ಹೂ. ಕಾಯಿ ಕೈಗಿಟ್ಟೆ. ಮುದುಕ ಅದನ್ನು ಕೆನ್ನೆಗೆ ಒತ್ತಿಕೊಂಡ.