ಮುಖ ಹಿಡಿಯುವ ಕ್ಯಾಮೆರಾ

ಗುರುವಾರ, ಮಾರ್ಚ್ ೬

ಕಾರ್ಖಾನೆ ಕೆಲಸಗಾರರು ಹೋಗುವ ಬೆಳಗಿನ ರೈಲಿನಿಂದ ರೈಲ್ವೆಯವರು ಎರಡು ಬೋಗಿ ಕಳಚಿದ್ದು ಅನ್ಯಾಯ. ಅಕ್ಕ ಈಗ ಬಾಗಿಲಲ್ಲಿ ನೇತಾಡಿಕೊಂಡೇ ಕೆಲಸಕ್ಕೆ ಹೋಗುತ್ತಾಳೆ. ಅದರ ಫೋಟೊ ತೆಗೆದು, ಕರಪತ್ರದಲ್ಲಿ ಹಾಕಿ ಊರಿಗೆಲ್ಲ ಹಂಚಲೇಬೇಕೆಂದು ಹಳೆಯ ಕ್ಯಾಮೆರಾಗಳ ಅಂಗಡಿಗೆ ಹೋದೆ.

ನನ್ನ ಕೈಗೆಟುಕುವಂಥವು ಎರಡೇ. ಉದ್ದ ಲೆನ್ಸಿನದು ದೂರದ ಸೇತುವೆಯಿಂದಲೇ ಒಂದೊಂದು ಮುಖವನ್ನೂ ಹಿಡಿಯುತ್ತದೆ. ಚಿಕ್ಕದರಲ್ಲಿ ಇಡೀ ರೈಲು ಚೆಂದವಾಗಿ ಬರುತ್ತದೆ, ಜನ ಮಾತ್ರ ಇರುವೆಗಳಂತೆ. ಮುಖವಿಲ್ಲದ ಅನ್ಯಾಯವನ್ನು ಯಾರು ನಂಬುತ್ತಾರೆ? ಉದ್ದ ಲೆನ್ಸಿನದೇ ಸರಿ ಎಂದು ಮನೆಗೆ ಬಂದು ಅಕ್ಕನಿಗೆ ಹೇಳಿದೆ.

"ಬಾಗಿಲಲ್ಲಿ ನೇತಾಡಿದ್ರೆ ದಂಡ ಹಾಕ್ತಾರೆ ಕಣೋ. ನನ್ ಮುಖ ಬಂದ್ರೆ ನೀನ್ ಕಟ್ತೀಯೇನೋ, ಕ್ರಾಂತಿವೀರ?"

ನಾನು ಓದಿದ ಯಾವ ಕರಪತ್ರದಲ್ಲೂ ಈ ಪ್ರಶ್ನೆ ಇರಲಿಲ್ಲ. ನಾಚಿಕೆಯ ಮಾತೆಂದರೆ, ಅಂಗಡಿಯಲ್ಲಿ ಚಿಕ್ಕ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಾಗ ನನಗೆ ಅನ್ಯಾಯ ನೆನಪಾಗಲೇ ಇಲ್ಲ. ತಿರುವಿನಲ್ಲಿ ವಾಲಿಕೊಂಡು ಬರುವ ಇಂಜಿನ್ನಿನ ಚೆಂದ ನೆನಪಾಯಿತು.

ನನ್ನ ಪೆಚ್ಚುಮೋರೆ ನೋಡಿ ಅಕ್ಕನೇ ಅಂದಳು: "ನಮ್ ಬೆನ್ನಿನ ಫೋಟೊ ತೆಗಿ. ನಾವೆಲ್ಲ ಒಳಗಡೆ ಮುಖ ಮಾಡಿರ್ತೀವಿ. ತಡ ಮಾಡ್ಬೇಡ, ರೈಲು ನಿನ್ನಂಗೆ ಯೋಚ್ನೆ ಮಾಡ್ತಾ ನಿಲ್ಲಲ್ಲ."

ಬರೀ ಬೆನ್ನುಗಳನ್ನು ಕಂಡು ಯಾರ ಮನಸ್ಸಾದರೂ ಕರಗೀತೇ? ಬೆನ್ನಿಗೆ ಯಾವ ಕ್ಯಾಮೆರಾ ಸರಿ? ಗೊತ್ತಿಲ್ಲ. ಆದರೂ ಬೆನ್ನುಗಳ ಫೋಟೊ ತೆಗೆಯುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಾಗಿದೆ: ಸೋಮವಾರ, ಬೆಳಿಗ್ಗೆ ಆರೂವರೆ, ಪ್ಲಾಟ್‌ಫಾರ್ಮಿನ ತುದಿಯಲ್ಲಿ.